ಬೋಳುಗುಡ್ಡದ ಮೇಲೆ ದೇವೀರಿಯ ಪಟ

ಬಹಳ ಹಿಂದೆ, ದೇವರು ದಿಕ್ಕುಗಳಿಗೆ ಹೆಸರಿಟ್ಟು ಇನ್ನೂ ಹೆಚ್ಚು ಕಾಲ ಆಗಿರದಿದ್ದಾಗ, ಮೇಘಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗಾಳಿ ಇರಲಿಲ್ಲ.

ವಾತಾಕ್ಷನೆಂಬ ಮಾಂತ್ರಿಕ ಗಾಳಿಯನ್ನೆಲ್ಲ ಎಳೆದುಕೊಂಡು, ಬೋಳುಗುಡ್ಡದ ಮೇಲಿನ ಕರೀಮೋಡದಲ್ಲಿ ಕಟ್ಟಿಹಾಕಿದ್ದ. ದೀಪದ ಕುಡಿ ಮೊಳೆ ಹೊಡೆದಂತೆ ನೆಟ್ಟಗೆ ನಿಲ್ಲುತ್ತಿತ್ತು. ಕಣದಲ್ಲಿ ತೂರಲಾಗದೆ ಜನ ಕಾಳನ್ನು ಹೊಟ್ಟಿನ ಜೊತೆಗೇ ಬೇಯಿಸಿ ಉಣ್ಣುತ್ತಿದ್ದರು.

ರಾಜ ಬೇಡಿಕೊಂಡಾಗ ಮಾಂತ್ರಿಕ ಹೇಳಿದ್ದು ಇಷ್ಟೇ: "ಗುಡ್ಡದ ತುದಿಯಲ್ಲಿ ಒಂದಿಷ್ಟು ಗಾಳಿ ಬಿಟ್ಟಿದ್ದೇನೆ. ಅಲ್ಲಿಂದ ನನ್ನ ಮೋಡಕ್ಕೆ ಗಾಳಿಪಟ ಮುಟ್ಟಿಸಿ, ದಾರ ಕಡಿಯದಂತೆ ಇಳಿಸಿದವರಿಗೆ ಗಾಳಿಯೆಲ್ಲ ಸಿಗುತ್ತದೆ. ಸೋತವರು ನನ್ನವರು."

ಹೋದವರು ತಿರುಗಿ ಬರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಪಟಗಳು ಹೆಚ್ಚುತ್ತಾ ಹೋದವು. ಒಂದೊಂದಕ್ಕೂ ಸೋತವರ ಒಂದೊಂದು ಮುಖ. ಮಟಮಟ ಮಧ್ಯಾಹ್ನದಲ್ಲಿ ಅವು ರೆಪ್ಪೆ ಬಡಿಯುತ್ತಿದ್ದವು.

ಅವುಗಳಲ್ಲೊಂದು ಬೊಮ್ಮಣ್ಣನದು. ಊರಿಗೆಲ್ಲ ಪಟ ಕಟ್ಟಿಕೊಡುತ್ತಿದ್ದವನು ಅವನು. ಅವನ ಹೆಂಡತಿ ದೇವೀರಿ ಮೂರು ದಿನ ಅತ್ತಳು. ನಾಲ್ಕನೆಯ ದಿನ ಬಿದಿರುಕಡ್ಡಿ ಸೀಳಲು ಕೂತಳು.

"ಏನೇ ಇದು? ಹೆಂಗಸು ಪಟ ಹಾರಿಸಿದರೆ ಊರು ನಗಲ್ವಾ?" ಎಂದಳು ಅತ್ತೆ ಸಿದ್ದಮ್ಮ.

"ನಗಲಿ ಅತ್ತೆ. ಹೊಟ್ಟು ತಿಂದ ಬಾಯಿ ಎಷ್ಟು ನಕ್ಕೀತು?"

ಅತ್ತೆ ತನ್ನ ಹಳೇ ಸೀರೆಯ ಸೆರಗು ಹರಿದು ಕೊಟ್ಟಳು. "ಬಾಲಂಗೋಚಿ ಉದ್ದ ಇರಲಿ ಕಣವ್ವ. ಗಿಡ್ಡ ಆದ್ರೆ ನನ್ನ ಮಗನ ಹಾಗೆ ಸುಮ್ಮನೆ ಕುಣಿಯುತ್ತೆ."

ದೇವೀರಿ ಮನೆದೇವರಿಗೆ ಕೈಮುಗಿದು ಗುಡ್ಡ ಹತ್ತಿದಳು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಪಟ ಬಿಟ್ಟಳು. ಅದು ಏರಿತು.

ಆಗ ಕಿವಿಯ ಹಿಂದೆ ಯಾರೋ ಉಸಿರಾಡಿದರು. ತಣ್ಣನೆ ಉಸಿರು, ದನಿ ಮಾತ್ರ ಬೊಮ್ಮಣ್ಣನದು. "ದೇವೀರಿ, ದಾರ ಜಾರೀತು. ಕೈಗೆ ಸುತ್ತಿಕೋ."

"ನನ್ನ ಗಂಡ ಅಂಥ ದಡ್ಡನಲ್ಲ" ಎಂದು ಅವಳು ದಾರದ ಉರುಳೆಯನ್ನೇ ಬಿಗಿಯಾಗಿ ಹಿಡಿದಳು. ಒಡನೆ ದಾರ ಸುಯ್ಯೆಂದು ಓಡಿತು. ಉರುಳೆಯ ಮರದಲ್ಲಿ ಬೆರಳಾಳ ಗಾಯ ಬಿತ್ತು.

ಎರಡನೆಯ ಸಲ ದನಿ ಬಂತು: "ಹಿಂದಕ್ಕೆ ನಾಲ್ಕು ಹೆಜ್ಜೆ ಇಡು. ಪಟ ಮೇಲೇರುತ್ತೆ."

ಅವಳು ಹಿಮ್ಮಡಿಯಿಂದ ತಡವಿ ನೋಡಿದಳು. ಹಿಂದೆ ನೆಲವೇ ಇರಲಿಲ್ಲ. ಕೆಳಗೆ ಪ್ರಪಾತದಲ್ಲಿ ಹೋದವರ ಚಪ್ಪಲಿಗಳು ಜೋಡಿಜೋಡಿಯಾಗಿ ಕಾಯುತ್ತಿದ್ದವು. ದೇವೀರಿ ಮುಂದಕ್ಕೆ ಸರಿದು, ಬಂಡೆಗೆ ಪಾದ ಒತ್ತಿ ಕೂತೇಬಿಟ್ಟಳು.

"ಕೂತು ಹಾರಿಸ್ತೀಯಾ? ನಾಚಿಕೆ ಇಲ್ವಾ?"

"ಬಿದ್ದವರಿಗಿಂತ ಕೂತವರು ವಾಸಿ."

ಪಟ ಮೋಡವನ್ನು ಮುಟ್ಟಿತು. ಮೋಡ ಬಾಯಿ ತೆರೆಯಿತು. ಬಿದಿರಿನ ಗಳಕ್ಕಿಂತ ಉದ್ದದ ಕೈಯೊಂದು ಹೊರಬಂತು. ಅದರಲ್ಲಿ ಗಾಜಿನಪುಡಿ ಸವರಿದ ದಾರ. ದಾರದ ತುದಿಯಲ್ಲಿ ಬೊಮ್ಮಣ್ಣನ ಮುಖದ ಪಟ. ಅದು ಬಂದು ದೇವೀರಿಯ ದಾರಕ್ಕೆ ಅಡ್ಡಬಿತ್ತು. ಅವಳ ಕೈಮೇಲೆ ಆ ಪಟದ ಬೆಚ್ಚನೆಯ ಕಣ್ಣೀರು ತೊಟ್ಟಿಕ್ಕಿತು.

"ಎಳೆದುಕೋ ದೇವೀರಿ! ಬಿಡಬೇಡ!"

ಈ ಸಲದ ದನಿ ನಿಜವಾದ ಬೊಮ್ಮಣ್ಣನದೇ. ಆದರೆ ಹನ್ನೊಂದು ವರ್ಷ ಗಂಡನ ಪಕ್ಕ ಉರುಳೆ ಹಿಡಿದವಳು ಅವಳು. ಗಾಜಿನ ದಾರದ ಮೇಲೆ ಎಳೆದವರ ದಾರವೇ ಮೊದಲು ಕಡಿಯುತ್ತದೆ. ಮೋಡ ಮುಟ್ಟಿಸಿದ ಗಂಡಸರೆಲ್ಲ ಎಳೆದೇ ಸೋತಿದ್ದರು.

ಭಗವಂತಾ ಎಂದು ಅವಳು ದಾರ ಸಡಿಲ ಬಿಟ್ಟಳು.

"ಕೈಬಿಟ್ಟೆಯಲ್ಲೇ!" ಎಂದು ಪಟ ಅರಚಿತು.  ಆದರೂ ಅವಳು ದಾರ ಬಿಡುತ್ತಲೇ ಹೋದಳು.

ಮೈಯ ಬಲವೆಲ್ಲ ಹಾಕಿ ಜಗ್ಗುತ್ತಿದ್ದ ವಾತಾಕ್ಷ, ಅಗುಳಿ ಹಾಕದ ಬಾಗಿಲಿಗೆ ಭುಜ ಕೊಟ್ಟವನಂತೆ ಮುಗ್ಗರಿಸಿ ಮೋಡದಿಂದ ಉರುಳಿದ. ಬಂಡೆಯ ಮೇಲೆ ಬಿದ್ದದ್ದು ಒಂದು ಹಿಡಿ ಬೂದಿ.

ಮೋಡ ಹರಿದು ಗಾಳಿ ರಾಜ್ಯದ ತುಂಬ ಹರಡಿತು. ದೇವೀರಿ ಅವಸರಪಡದೆ ತನ್ನ ಪಟ ಇಳಿಸಿದಳು. ಸುತ್ತಲೂ ಪಟಗಳಾಗಿದ್ದ ಜನ ಒಬ್ಬೊಬ್ಬರಾಗಿ ಒಣಗಿದೆಲೆಯಂತೆ ಹಗುರಾಗಿ ಇಳಿದು ನಿಂತರು. ಬೊಮ್ಮಣ್ಣ ಹೆಂಡತಿಯ ಕೈ ಹಿಡಿದು ಅತ್ತ.

ಆ ಸಂಜೆ ಮಗನಿಗೆ ಬಡಿಸುತ್ತಾ ಸಿದ್ದಮ್ಮ ಕೇಳಿದಳು: "ಮೇಲಿಂದ ನಮ್ಮ ಮನೆ ಹೇಗೆ ಕಾಣ್ತಿತ್ತೋ?"

"ಸೂರು ಎರಡು ಕಡೆ ಸೋರುತ್ತೆ ಅವ್ವ. ಹೆಂಚು ಬದಲಿಸಬೇಕು."

ಮಳೆಗಾಲಕ್ಕೆ ಮುಂಚೆ ಬದಲಿಸಿದರು. ಅದರ ಕೆಳಗೆ ಬಹುಕಾಲ ಸುಖವಾಗಿ ಬಾಳಿದರು. ದೇವರು ಅವರನ್ನು ಚೆನ್ನಾಗಿಟ್ಟ. ನಮ್ಮನ್ನೂ ಹಾಗೇ ಇಡಲಿ.