ಹೇಳಲೇಬೇಕಾದ ಹೆಸರು

ನಿಶ್ಚಯವಾದ ಹುಡುಗಿ ಫೋನ್ ಮಾಡಿ, ‘ಒಬ್ಬರೇ ಬರ್ರಿ, ಸ್ವಲ್ಪ ಮಾತಾಡೋದೈತಿ’ ಎಂದರೆ ಯಾವ ಗಂಡಾದರೂ ಏನೆಂದುಕೊಂಡಾನು? ರುದ್ರೇಶ ಇಸ್ತ್ರಿ ಅಂಗಿ ತೊಟ್ಟು, ಸವಣೂರಿನ ಕುರುಕಲು ಖಾರದ ಪೊಟ್ಟಣ ಹಿಡಿದು, ದುಂಡಸಿಯಿಂದ ಶಿಗ್ಗಾವಿಯ ಕ್ಲಿನಿಕ್ಕಿಗೆ ನಗುನಗುತ್ತ ಬಂದ. ಆ ಹುಡುಗಿ, ಡಾಕ್ಟರ್ ತನುಜಾ, ಮಾಸ್ಕ್ ಹಾಕಿಕೊಂಡು ಕುಳಿತಿದ್ದಳು.

“ಮಾರಿ ತೋರ್ಸಾಕೂ ನಾಚಿಕೇನ್ರಿ?” ಎಂದ, ಕಣ್ಣಲ್ಲೇ ಕೆಣಕುತ್ತ. ಎಂದವನೇ ಕೆಮ್ಮಿದ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆ ತುಂಟ ಕಣ್ಣುಗಳನ್ನು ನೋಡುತ್ತ ಹೇಳುವುದು ಸುಲಭವಿರಲಿಲ್ಲ. ಆದರೂ ಹೇಳಿದಳು. ತಾನೇ ಹಟ ಹಿಡಿದು ಮಾಡಿಸಿದ ಕಫದ ಪರೀಕ್ಷೆಯಲ್ಲಿ ಟಿಬಿ ಎಂದು ಬಂದಿದೆ. ಆರು ತಿಂಗಳು ಗುಳಿಗೆ ತಪ್ಪಿಸದಿದ್ದರೆ ಪೂರ್ತಿ ಗುಣವಾಗುತ್ತದೆ. ಆದರೆ ಟಿಬಿ ಕಂಡ ಡಾಕ್ಟರು ರೋಗಿಯ ಹೆಸರನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಅದು ಕಾಯಿದೆ.

ರುದ್ರೇಶನ ನಗು ಆರಿಹೋಯಿತು. ಕೊರೊನಾ ಕಾಲದಲ್ಲಿ ಮನೆ ಬಾಗಿಲಿಗೆ ಬೋರ್ಡು ಹಚ್ಚಿ, ಓಣಿಗೆ ಬಿದಿರು ಕಟ್ಟಿದ್ದು ಕಣ್ಣಮುಂದೆ ಬಂತು. ಈಗ ಹಾಗೆ ಮಾಡುವುದಿಲ್ಲ ಎಂದು ಅವಳು ಎಷ್ಟು ಹೇಳಿದರೂ ನಂಬಲಿಲ್ಲ. ತಂಗಿ ಸವಿತಾಳಿಗೆ ಹಾನಗಲ್ಲಿನ ಕಡೆ ಮಾತುಕತೆ ನಡೆದಿತ್ತು. ಕ್ಷಯದ ಮನೆ ಎಂದು ಗೊತ್ತಾದರೆ ಆ ಸಂಬಂಧ ಮುರಿದಂತೆಯೇ. ಔಷಧಿ ನೀವೇ ಕೊಡಿ, ಹೆಸರು ನಮ್ಮಿಬ್ಬರಲ್ಲೇ ಇರಲಿ ಎಂದು ಬೇಡಿಕೊಂಡ.

“ನಿಮ್ಮ ಮಗ್ಗುಲಾಗ ಅಕ್ಕನ ಕೂಸು ಮಲಗತೈತಿ. ಹೆಸರು ಹೋಗದಿದ್ರ ಅದನ್ನ ಯಾರು ತಪಾಸ್ ಮಾಡ್ತಾರ?” ಎಂದಳು ತನುಜಾ. “ನಾ ಹೆಸರು ಕೊಡ್ತೇನಿ. ನಿಮಗ ಹೇಳೇ ಕೊಡ್ತೇನಿ.”

“ಹಂಗಾದ್ರ ಈ ಲಗ್ನ ಬ್ಯಾಡ್ರಿ.”

ಅವನನ್ನು ತನುಜಾ ತುಂಬ ಹಚ್ಚಿಕೊಂಡಿದ್ದಳು. ಅವನು ಮೆಟ್ಟಿಲಿಳಿಯುವುದನ್ನು ನೋಡಿದಳು, ಕಂಪ್ಯೂಟರಿನ ಮುಂದೆ ಕುಳಿತಳು, ಆದರೂ ಹೆಸರು ಕಳಿಸಿದಳು.

ಬೋರ್ಡು ಬರಲಿಲ್ಲ. ಆಶಾ ಕಾರ್ಯಕರ್ತೆ ಚಾಂದಬಿ ರುದ್ರೇಶನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಚಹಾ ಕುಡಿದು, ಎಲ್ಲರ ತಪಾಸಣೆಗೆ ದಿನ ಗೊತ್ತುಮಾಡಿ ಹೋದಳು. ಪೋಲಿಯೋ ಹನಿಯ ಮಾತಿಗೆ ಬಂದಿರಬೇಕು ಎಂದುಕೊಂಡಿತು ಓಣಿ. ಹಾನಗಲ್ಲಿನ ಮಾತುಕತೆಯೂ ಮುರಿಯಲಿಲ್ಲ. ಕೂಸಿಗೆ ಮಾತ್ರ ಸೋಂಕು ಅಂಟಿತ್ತು. ಬೇಗ ಗೊತ್ತಾದದ್ದರಿಂದ ಔಷಧಿ ಶುರುವಾಯಿತು.

ಇದೆಲ್ಲ ತನುಜಾಳಿಗೆ ತಿಳಿದದ್ದು ಚಾಂದಬಿಯಿಂದ. ರುದ್ರೇಶ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ, ಮಾಡದ ತಪ್ಪಿಗೆ ಕ್ಷಮೆ ಕೇಳುವವಳಲ್ಲ ಅವಳು. ಆದರೂ ಬಾಗಿಲು ಸಪ್ಪಳವಾದಾಗಲೆಲ್ಲ ಕಣ್ಣು ಆ ಕಡೆಗೇ ಹೋಗುತ್ತಿತ್ತು.

ಕೆಮ್ಮು ನಿಂತು, ಮೈಗೆ ಸ್ವಲ್ಪ ಕಳೆ ಬಂದ ಮೇಲೆ ಅವನು ಬಂದ. ತಾಯಿ ನಾಗವ್ವ ಮುಂದೆ, ಅವನು ತಲೆ ತಗ್ಗಿಸಿ ಹಿಂದೆ.

“ಗಂಡನ ಹೆಸರು ಬರೇ ಬಾಯಿಲೆ ಹೇಳಬಾರದವ್ವಾ, ಒಡಪು ಕಟ್ಟಿ, ಪ್ರಾಸದ ಸಾಲಿನಾಗ ಇಟ್ಟು ಹೇಳಬೇಕು,” ಎಂದಳು ನಾಗವ್ವ ಮುಖ ಬಿಗಿದುಕೊಂಡು. “ನೀ ನೋಡಿದ್ರ ಲಗ್ನಕ್ಕ ಮೊದಲ ಸರ್ಕಾರಕ್ಕ ಹೇಳಿಬಿಟ್ಟಿ.” ಮುದುಕಿ ತನುಜಾಳ ಕೈ ಹಿಡಿದುಕೊಂಡಳು. “ಹೇಳಿದ್ದಕ್ಕ ನಮ್ಮ ಕೂಸು ಉಳೀತು.”

ರುದ್ರೇಶ ಆಗ ತಲೆಯೆತ್ತಿದ. “ನಾ ಅಂಜಿದ್ದೆರಿ. ತಪ್ಪಾತು. ಮನಸಿದ್ರ... ಇನ್ನೊಮ್ಮೆ ಹೇಳ್ರಿ ನನ್ನ ಹೆಸರು.”

ತನುಜಾ ಕಣ್ಣೊರೆಸಿಕೊಂಡಳು. ಆಮೇಲೆ ಅವನನ್ನೇ ನೆಟ್ಟಗೆ ನೋಡುತ್ತ ಒಡಪು ಕಟ್ಟಿದಳು:

“ಆರು ತಿಂಗಳ ಗುಳಿಗಿ ಒಂದ ದಿನಾನೂ ತಪ್ಪಂಗಿಲ್ಲ, ರುದ್ರೇಶರನ್ನ ಬಿಟ್ಟು ಮನಸು ಯಾರನ್ನೂ ಒಪ್ಪಂಗಿಲ್ಲ.”