ಪುಟದ ನಡುವಿನಿಂದ ಸರಿದವನು

"ನೀವೇ ಸರಿಸಿದ್ದು, ಉಸ್ತಾದ್ ವಗ್ದಿ!" ರಬಾಬ್ ತನ್ನ ಪ್ರಬಂಧದ ಹಾಳೆಗಳನ್ನು ನನ್ನ ಮೇಜಿನ ಮೇಲೆ ಬಡಿದಳು. ಚಹಾದ ಗ್ಲಾಸು ಕುಣಿಯಿತು.

ಕೈರೋದಲ್ಲಿ, ವಿಶ್ವವಿದ್ಯಾಲಯದ ಹಿಂದಿನ ಗಲ್ಲಿಯಲ್ಲಿ, ನನ್ನದು ಟೈಪಿಂಗ್ ಅಂಗಡಿ. ಅವಳು ಕೇಳಿದ್ದು ಇಷ್ಟೇ: ಪ್ರತಿ ಪುಟದ ನಡುವೆ, ಅಕ್ಷರಗಳ ಹಿಂದೆ, ಹಾಜಿಮ್‌ನ ಫೋಟೊ ವಾಟರ್‌ಮಾರ್ಕ್ ಆಗಿ ತೆಳ್ಳಗೆ ಕಾಣಬೇಕು. ಹಾಜಿಮ್ ಅವಳಿಗೆ ನಿಶ್ಚಯವಾಗಿದ್ದ ಹುಡುಗ. ಮದುವೆಗೆ ಮೊದಲೇ ಸಮುದ್ರ ಅವನನ್ನು ನುಂಗಿತ್ತು. ಅವನು ತೊಡಿಸಿದ ಉಂಗುರ ಇನ್ನೂ ಅವಳ ಬಲಗೈಯಲ್ಲೇ ಇತ್ತು; ಮದುವೆಯಾಗಿದ್ದರೆ ಎಡಗೈಗೆ ಬರುತ್ತಿತ್ತು. ಫೋಟೊದಲ್ಲಿ ಅವನೂ ಉಂಗುರದ ಕೈ ಎತ್ತಿ ನಗುತ್ತಿದ್ದ.

ನಾನು ಅವಳನ್ನು ಪ್ರೀತಿಸುತ್ತಿದ್ದೆ. ಆ ಉಂಗುರ ಕಂಡಾಗಲೆಲ್ಲ ಹೇಳಬೇಕೆಂದದ್ದನ್ನು ಬಿಟ್ಟು ಚಹಾ ಕೊಡುತ್ತಿದ್ದೆ. ಸತ್ತವನ ಜೊತೆ ಹೇಗೆ ಪೈಪೋಟಿ ಮಾಡಲಿ?

ಮುದ್ರಿಸಿದ ಹಾಳೆಗಳಲ್ಲಿ ಹಾಜಿಮ್ ಪುಟದಿಂದ ಪುಟಕ್ಕೆ ಎಡಕ್ಕೆ ಸರಿದಿದ್ದ.

"ಚಿತ್ರಾನ ಅಕ್ಷರದ ಸಾಲಿಗೆ ಕಟ್ಟಿದ್ರೆ ಸಾಲಿನ ಜೊತೆ ಓಡುತ್ತೆ. ಅದೇ ಆಗಿರ್ಬೇಕು," ಎಂದೆ.

"ನಿಮಗೆ ಅವನನ್ನ ಕಂಡ್ರಾಗಲ್ಲ. ಚಹಾ ಕೊಡುವಾಗ್ಲೂ ನನ್ನ ಬೆರಳನ್ನೇ ನೋಡ್ತೀರಲ್ಲ, ನನಗೇನು ಕಣ್ಣಿಲ್ವಾ?"

ನನ್ನ ಕಿವಿ ಬಿಸಿಯಾಯಿತು. "ಹಾಗಿದ್ರೆ ಪಕ್ಕದಲ್ಲೇ ಕೂತು ನೋಡಿ."

ಅವಳು ಕುರ್ಚಿ ಎಳೆದುಕೊಂಡಳು. ಅವಳೆದುರೇ ಪುಟದ ತಲೆಭಾಗದ ಹೆಡರ್ ತೆರೆದು, ಚಿತ್ರವನ್ನು ಸಾಲಿನಿಂದ ಬಿಡಿಸಿ ಪುಟಕ್ಕೆ ಕಟ್ಟಿದೆ. ಅಡ್ಡಕ್ಕೂ ಉದ್ದಕ್ಕೂ ನಟ್ಟನಡುವೆ. ಪರದೆಯ ಮೇಲೆ ಹಾಜಿಮ್ ಕದಲದೆ ನಗುತ್ತಿದ್ದ.

"ಈಗ ಒಪ್ಪಿದ್ರಾ?"

"ಪ್ರಿಂಟ್ ಬರ್ಲಿ," ಎಂದು ಓರೆಗಣ್ಣಲ್ಲಿ ನೋಡಿದಳು.

ಮೊದಲ ಹಾಳೆಯಲ್ಲಿ ಅವನು ನಡುವೆಯೇ ಇದ್ದ. ಮುಂದಿನದರಲ್ಲಿ ಸ್ವಲ್ಪ ಎಡಕ್ಕೆ. ನಮ್ಮ ಅರಬ್ಬಿ ಬರವಣಿಗೆ ಬಲದಿಂದ ಎಡಕ್ಕೆ ಸಾಗುವ ಕಡೆಗೇ, ಆತುರವಿಲ್ಲದೆ, ಹೊರಟಿದ್ದ. ಪ್ರಿಂಟರ್‌ನಿಂದ ಬಿಸಿಯಾಗಿ ಬರಬೇಕಾದ ಹಾಳೆಗಳು ತಣ್ಣಗೆ, ತೇವವಾಗಿದ್ದವು. ರಬಾಬ್ ನನ್ನ ತೋಳು ಹಿಡಿದಳು.

ಕೊನೆಯ ಹಾಳೆಯ ಅಂಚಿನಲ್ಲಿ ಎತ್ತಿದ ಕೈಯೊಂದೇ ಉಳಿದಿತ್ತು. ಬೆರಳಲ್ಲಿ ಉಂಗುರವಿರಲಿಲ್ಲ.

"ನಾನಲ್ಲ ರಬಾಬ್, ದೇವರಾಣೆ."

"ಗೊತ್ತು." ಅವಳ ಕಣ್ಣು ತುಂಬಿತ್ತು. "ಅವನೇ ಉಂಗುರ ತೆಗೆದಿಟ್ಟು ಹೋಗ್ತಿದ್ದಾನೆ. ನಾನೇ ಹಿಡ್ಕೊಂಡು ಕೂತಿದ್ದೆ."

ತನ್ನ ಉಂಗುರವನ್ನು ನಿಧಾನವಾಗಿ ಕಳಚಿ ಆ ಹಾಳೆಯ ಮೇಲೆ, ಆ ಕೈಯ ಪಕ್ಕ ಇಟ್ಟಳು.

"ಎಷ್ಟೋ ದಿನದಿಂದ ಏನೋ ಹೇಳ್ಬೇಕು ಅಂತಿದ್ರಲ್ಲ, ಈಗ ಹೇಳಿ."

"ನೀವಂದ್ರೆ ನನಗೆ ಪ್ರಾಣ."

ಅವಳು ಅಳುತ್ತಲೇ ನಕ್ಕು, ಬರಿದಾದ ಕೈಯನ್ನು ನನ್ನ ಕೈಯೊಳಗಿಟ್ಟಳು.

ಆಮೇಲೆ ಮೇಜಿನ ಕಡೆ ತಿರುಗಿದೆವು. ಹಾಳೆಯಲ್ಲಿ ಆ ಕೈ ಇರಲಿಲ್ಲ. ಉಂಗುರವೂ ಇರಲಿಲ್ಲ. ಎಡ ಅಂಚು ಒದ್ದೆಯಾಗಿತ್ತು. ರಬಾಬ್ ಅದನ್ನು ಮುಟ್ಟಿ ಬೆರಳನ್ನು ತುಟಿಗಿಟ್ಟಳು.

"ಉಪ್ಪು," ಎಂದಳು.