ರೆಕ್ಕೆಯ ಪಕ್ಕದ ಸೀಟು

"ಇಬ್ಬರಿಗೂ ಅಕ್ಕಪಕ್ಕ ಸೀಟು ಬಂದಿಲ್ಲ. ಸ್ವಲ್ಪ ಹೊತ್ತು ಕಾದ್ರೆ ಹುಡುಕಿ ನೋಡ್ತೀನಿ," ಎಂದಳು ಕೌಂಟರಿನ ಹುಡುಗಿ.

ಫೇಬಾ ಬಾಯಿ ತೆರೆಯುವಷ್ಟರಲ್ಲಿ ಅವಳ ಗಂಡ ಎಲ್ದೋಸ್ ಹೇಳಿಬಿಟ್ಟ.

"ಬೇಡ ಬಿಡಿ. ಬೇರೆ ಬೇರೆ ಕೂತ್ರೂ ಪರವಾಗಿಲ್ಲ."

ಹುಡುಗಿ ಒಮ್ಮೆ ಫೇಬಾಳ ಮುಖ ನೋಡಿದಳು. ಫೇಬಾ ತೂಕದ ಯಂತ್ರದ ಮೇಲಿದ್ದ ಪೆಟ್ಟಿಗೆ ನೋಡುತ್ತಾ ನಿಂತಳು. ಅದರಲ್ಲಿ ಅತ್ತೆ ಕಟ್ಟಿಕೊಟ್ಟ ಮಾವಿನ ಉಪ್ಪಿನಕಾಯಿ, ಒಣ ಸೀಗಡಿ, ಹಲಸಿನ ಚಿಪ್ಸ್ ಇದ್ದವು. ಎರಡು ಬೋರ್ಡಿಂಗ್ ಪಾಸ್ ಬಂದವು. ಒಂದು ವಿಮಾನದ ನಡುಭಾಗದ್ದು, ಇನ್ನೊಂದು ಕಟ್ಟಕಡೆಯ ಸಾಲಿನದು. ಎಲ್ದೋಸ್ ಕಡೆಯ ಸಾಲಿನದನ್ನು ತಾನೇ ಎತ್ತಿಕೊಂಡು ಶರಟಿನ ಜೇಬಿಗೆ ಹಾಕಿಕೊಂಡ.

ಅವರ ಮದುವೆಯಾಗಿ ಎರಡು ವರ್ಷ. ಫೇಬಾ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನರ್ಸು. ರಜೆಯಲ್ಲಿ ಬಂದಾಗ ನೋಡಿದ್ದು, ಒಪ್ಪಿದ್ದು, ಚರ್ಚಿನಲ್ಲಿ ತಾಳಿ ಕಟ್ಟಿಸಿಕೊಂಡಿದ್ದು ಎಲ್ಲ ಒಂದೇ ತಿಂಗಳಲ್ಲಿ. ಉಳಿದ ದಿನಗಳು ನೆಂಟರ ಮನೆಗಳ ಊಟದಲ್ಲೇ ಕಳೆದವು. ಆಮೇಲೆ ಅವಳು ಹಿಂದಿರುಗಿದಳು, ಅವನು ಕೇರಳದ ಕೋತಮಂಗಲದಲ್ಲೇ ಉಳಿದ. ಅಲ್ಲಿಂದಾಚೆಗೆ ಫೋನೇ ಸಂಸಾರ. ಈಗ ಅವನಿಗೆ ವೀಸಾ ಬಂದಿತ್ತು, ಕರೆದೊಯ್ಯಲು ಅವಳು ಬಂದಿದ್ದಳು. ಬಂದ ಮರುದಿನವೇ ಅವಳ ತಾಯಿಗೆ ಕಣ್ಣಿನ ಆಪರೇಷನ್. ಹಾಗಾಗಿ ಈ ಸಲವೂ ಇಬ್ಬರಿಗೂ ಏಕಾಂತದಲ್ಲಿ ಮಾತಾಡಲು ಸಿಕ್ಕಿರಲಿಲ್ಲ.

ಕೊಚ್ಚಿಯಿಂದ ಲಂಡನ್ನಿಗೆ ಹತ್ತು ಗಂಟೆಗೂ ಮೀರಿದ ದಾರಿ. ಮದುವೆಯಾದಾಗಿನಿಂದ ಅಷ್ಟು ಹೊತ್ತು ಅವರಿಬ್ಬರೂ ಪಕ್ಕಪಕ್ಕ ಕೂತದ್ದೇ ಇಲ್ಲ. ಆ ಹತ್ತು ಗಂಟೆಯ ಬಗ್ಗೆ ಫೇಬಾ ತಿಂಗಳಿನಿಂದ ಯೋಚಿಸುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

*ಪರವಾಗಿಲ್ಲವಂತೆ...*

ಕೌಂಟರಿಗೆ ಬರುವ ಸ್ವಲ್ಪ ಮುಂಚೆ ಸಾಲಿನಲ್ಲಿ ಇನ್ನೊಂದು ಸಣ್ಣ ಮಾತು ನಡೆದಿತ್ತು. ಪ್ಲಿಮತ್‌ನಲ್ಲಿ ಅವಳ ಆಸ್ಪತ್ರೆಯಲ್ಲೇ ಇರುವ ಸಿಜಿ ಎಂಬ ನರ್ಸು ಸಿಕ್ಕಿ, ಗಂಡ ಏನು ಮಾಡುತ್ತಾನೆಂದು ಕೇಳಿದ್ದಳು. ಸಿಜಿಯ ಗಂಡ ಎಂಜಿನಿಯರ್. ಫೇಬಾ "ಟ್ರಾನ್ಸ್‌ಪೋರ್ಟ್ ಲೈನಲ್ಲಿದಾರೆ" ಎಂದು ಹೇಳಿ ಬೇರೆ ಮಾತಿಗೆ ಹೊರಳಿದ್ದಳು. ಎಲ್ದೋಸ್ ಕೋತಮಂಗಲದಿಂದ ಮುನ್ನಾರಿಗೆ ಹೋಗುವ ಖಾಸಗಿ ಬಸ್ಸಿನ ಚಾಲಕ. ಆಗ ಅವನು ಅವಳ ಬೆನ್ನ ಹಿಂದೆಯೇ ನಿಂತಿದ್ದ.

ಆ ಮಾತನ್ನು ಫೇಬಾ ಅಲ್ಲೇ ಮರೆತಳು. ಎಲ್ದೋಸ್ ಮರೆಯಲಿಲ್ಲ.

ವಿಮಾನದಲ್ಲಿ ಫೇಬಾಳದು ರೆಕ್ಕೆಯ ನೇರಕ್ಕಿದ್ದ ನಡುವಿನ ಸೀಟು. ಕಿಟಕಿ ಕಡೆ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಯುವಕ. ನಡುದಾರಿಯ ಕಡೆ ಒಬ್ಬ ಭಾರಿ ಆಸಾಮಿ. ಅವನು ಬೆಲ್ಟ್ ಬಿಗಿದವನೇ ಕಣ್ಣು ಮುಚ್ಚಿದ, ಎರಡು ಕಡೆಯ ಕೈಯಾಸರೆಯೂ ಅವನ ಪಾಲಾಯಿತು. ಮುಂದಿನ ಸೀಟಿನವನು ವಿಮಾನ ಮೇಲೇರಿದ ಕೂಡಲೇ ಬೆನ್ನು ಹಿಂದಕ್ಕೆ ಒರಗಿಸಿದ. ಫೇಬಾ ಮೊಣಕಾಲನ್ನು ಓರೆ ಮಾಡಿಕೊಂಡಳು. ಅವಳಿಗೆ ಇದೆಲ್ಲ ರೂಢಿ. ಮೂಗು ಒಣಗುತ್ತದೆ, ಕಾಲು ಊದುತ್ತದೆ, ತೆಳು ಹೊದಿಕೆಯಲ್ಲಿ ಚಳಿ ಹೋಗುವುದಿಲ್ಲ, ಎಲ್ಲೋ ಒಂದು ಮಗು ಅಳುತ್ತಲೇ ಇರುತ್ತದೆ. ಹೋದ ವಾರವೇ ಫೋನಿನಲ್ಲಿ ಗಂಡನಿಗೆ ಎಲ್ಲ ಹೇಳಿದ್ದಳು. ಸಡಿಲ ಬಟ್ಟೆ ಹಾಕಿ, ನೀರು ಕುಡಿಯುತ್ತಿರಿ, ಕಿವಿ ಕಟ್ಟಿದರೆ ಉಗುಳು ನುಂಗಿ, ಆಗಾಗ ಎದ್ದು ಓಡಾಡಿ. ಅವನು ಎಲ್ಲದಕ್ಕೂ "ಹ್ಞೂಂ" ಎಂದಿದ್ದ.

ಮುಂದಿನ ಪರದೆಯ ನಕಾಶೆಯಲ್ಲಿ ಪುಟ್ಟ ವಿಮಾನ ಅರಬ್ಬಿ ಸಮುದ್ರದ ಮೇಲೆ ಅಲುಗಾಡದೆ ನಿಂತಂತಿತ್ತು. ಫೇಬಾ ಅದನ್ನೇ ನೋಡುತ್ತಾ ಕೂತಳು.

ಮದುವೆಯ ದಿನ ಅವಳ ಚಿಕ್ಕಮ್ಮ ಎಲ್ಲರೆದುರೇ ನಗುತ್ತಾ ಅಂದಿದ್ದಳು, "ನರ್ಸುಗಳನ್ನ ಯಾರು ಮದುವೆ ಆಗ್ತಾರೆ ಕಣೆ? ವೀಸಾನ ಆಗ್ತಾರೆ." ಆಗ ಫೇಬಾ ಕೂಡ ನಕ್ಕಿದ್ದಳು. ಈಗ ನಗು ಬರಲಿಲ್ಲ.

*ಪಕ್ಕದಲ್ಲಿ ಕೂರೋಕೂ ಇಷ್ಟ ಇಲ್ಲದವರು ಬರ್ತಿರೋದು ಯಾರಿಗೋಸ್ಕರ? ದೇಶಕ್ಕೋಸ್ಕರ.*

ಅವಳು ಅತ್ತು ಕರೆಯುವ ಹೆಣ್ಣಲ್ಲ. ವಾರ್ಡಿನಲ್ಲಿ ಕೆಲಸ ಮಾಡುವಂತೆಯೇ ಲೆಕ್ಕಾಚಾರ ಹಾಕಿದಳು. ಪ್ಲಿಮತ್‌ನ ಮನೆಯಲ್ಲಿ ಎರಡು ಕೋಣೆ ಇವೆ. ಒಂದು ಅವನಿಗೆ. ಕೆಲಸ ಸಿಕ್ಕ ಮೇಲೆ ಅವನ ದಾರಿ ಅವನು ನೋಡಿಕೊಳ್ಳಲಿ. ಅಮ್ಮನಿಗೆ ಕಣ್ಣು ಪೂರ್ತಿ ವಾಸಿಯಾಗುವವರೆಗೆ ಹೇಳುವುದು ಬೇಡ. ಹೀಗೆಂದು ತೀರ್ಮಾನಿಸಿದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

ಊಟದ ಗಾಡಿ ಬಂತು. ನೋಂಬಿನ ಕಾಲ, ಈಸ್ಟರ್‌ವರೆಗೆ ಮಾಂಸ ಮೀನು ಇಲ್ಲ. ಫೇಬಾ ಸಸ್ಯಾಹಾರ ಕೇಳಿ ಪಡೆದಳು. ಕೊನೆಯ ಸಾಲಿಗೆ ಮುಟ್ಟುವ ಹೊತ್ತಿಗೆ ಬರೀ ಕೋಳಿ ಉಳಿದಿರುತ್ತದೆ, ಅದು ಅವಳಿಗೆ ಗೊತ್ತು. ಎಲ್ದೋಸ್ ಚಿಕ್ಕಂದಿನಿಂದ ನೋಂಬು ಮುರಿದವನಲ್ಲ ಎಂದು ಅತ್ತೆ ಹೇಳುತ್ತಿದ್ದರು.

*ಉಪವಾಸ ಕೂರಲಿ. ನನಗೇನು?*

ಹಾಗೆಂದುಕೊಂಡು ಚಮಚ ಎತ್ತಿದಳು. ಒಂದು ತುತ್ತೂ ಇಳಿಯಲಿಲ್ಲ. ಕಡೆಗೆ ಮುಚ್ಚಳವನ್ನು ಮತ್ತೆ ಮುಚ್ಚಿ, ಮಲಗಿದ್ದ ಆಸಾಮಿಯನ್ನು ಎಬ್ಬಿಸಿ, ಅನ್ನದ ಡಬ್ಬಿ ಹಿಡಿದು ಹಿಂದಕ್ಕೆ ನಡೆದಳು.

ಎಲ್ದೋಸನ ಸೀಟು ಖಾಲಿ ಇತ್ತು. ಪಕ್ಕದಲ್ಲಿ ಬಿಳಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಜ್ಜಿಯೊಬ್ಬರು ಕಾಲುಚೀಲ ಸರಿಮಾಡಿಕೊಳ್ಳುತ್ತಿದ್ದರು. ಅವರ ಹೆಸರು ಏಲಿಯಾಮ್ಮ.

"ಆ ಹುಡುಗನ್ನ ಹುಡುಕ್ತಿದೀಯಾ ಮಗಳೇ? ಇಲ್ಲಿ ಕೂತದ್ದೇ ಕಡಿಮೆ. ಮೇಲೆ ಹತ್ತಿದಾಗಿಂದ ವಾಂತಿ. ನನ್ನ ಸೀಟಿನ ಕಾಗದದ ಚೀಲಾನೂ ಅವನಿಗೇ ಕೊಟ್ಟೆ. ಯಾರ ಮಗನೋ ಪಾಪ... ಜೊತೆಗೆ ಯಾರೂ ಇಲ್ಲ ಅನ್ಸುತ್ತೆ."

ಫೇಬಾ ಡಬ್ಬಿಯನ್ನು ಅವನ ಸೀಟಿನ ಮೇಲಿಟ್ಟು ಇನ್ನೂ ಹಿಂದಕ್ಕೆ ಹೋದಳು.

ಶೌಚಾಲಯದ ಸಾಲು ದಾಟಿದರೆ ವಿಮಾನದ ಹಿಂಬಾಗಿಲು. ಅದರ ಪಕ್ಕದ ಗೋಡೆಗೆ ಹಣೆ ಆನಿಸಿ ಎಲ್ದೋಸ್ ನಿಂತಿದ್ದ. ಮುಖ ಬಿಳುಚಿತ್ತು, ಕೂದಲು ಹಣೆಗೆ ಅಂಟಿತ್ತು, ಕೈಯಲ್ಲಿ ಕಾಗದದ ಚೀಲ. ಮುನ್ನಾರಿನ ತಿರುವುಗಳಲ್ಲಿ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುವವನು ಎಂದು ಊರಿನವರು ಹೊಗಳುತ್ತಿದ್ದ ಮನುಷ್ಯ.

ಅವಳನ್ನು ಕಂಡು ಚೀಲವನ್ನು ಬೆನ್ನ ಹಿಂದೆ ಅಡಗಿಸಿದ.

"ನೀನ್ಯಾಕೆ ಬಂದೆ?"

"ಎಷ್ಟು ಹೊತ್ತಿನಿಂದ ಹೀಗೆ?"

"ಏನಿಲ್ಲ. ಹೋಗು, ಹೋಗಿ ಕೂತ್ಕೋ."

"ಎಷ್ಟು ಹೊತ್ತಿನಿಂದ ಅಂತ ಕೇಳಿದೆ."

ಅದು ನರ್ಸಿನ ದನಿ. ಅದಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಉತ್ತರ ಕೊಡುತ್ತಾರೆ. ಎಲ್ದೋಸ್ ಕೊಟ್ಟ.

ತಾನು ಓಡಿಸದ ಯಾವ ಗಾಡಿಯಲ್ಲೂ ತನಗೆ ಕೂರಲಾಗುವುದಿಲ್ಲ ಎಂದ. ಚಿಕ್ಕಂದಿನಿಂದಲೂ ಹೀಗೇ. ತನ್ನದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳೆಸುತ್ತದೆ. ಡ್ರೈವರ್ ಆದದ್ದೇ ಅದಕ್ಕೆ. ಊರಿನಲ್ಲಿ ಇದು ತನ್ನ ತಾಯಿಗೆ ಮಾತ್ರ ಗೊತ್ತು.

"ಮದುವೆ ದಿನ ಕಾರಿನ ಬೀಗದ ಕೈ ಇಸ್ಕೊಂಡು ನಾನೇ ಓಡಿಸಿದೆ. ನೆನಪಿದೆಯಾ?"

ಫೇಬಾಗೆ ನೆನಪಿತ್ತು. ಮದುಮಗನೇ ಕಾರು ಓಡಿಸಿದ್ದಕ್ಕೆ ಅವತ್ತು ಅವಳ ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಅವಳಿಗೂ ಒಳಗೊಳಗೇ ಹೆಮ್ಮೆ ಎನಿಸಿತ್ತು.

"ಅದು ಸ್ಟೈಲಿಗೆ ಅಂತ ಅಂದ್ಕೊಂಡಿದ್ದೆ."

"ಸೀರೆ ಮೇಲೆ ವಾಂತಿ ಮಾಡಬಾರದು ಅಂತ."

ಅವಳಿಗೆ ನಗು ಬಂತು, ತಡೆದುಕೊಂಡಳು. ಕೇಳಬೇಕಾದ್ದು ಇನ್ನೂ ಇತ್ತು.

"ಹೇಳಿದ್ರೆ ಹೊರಡೋ ಮೊದಲೇ ಮಾತ್ರೆ ಕೊಡ್ತಿದ್ದೆ. ನನ್ನ ಪಕ್ಕ ಕೂರೋದು ಬೇಡ ಅಂದಿದ್ದು ಇದಕ್ಕೇನಾ? ಬರೀ ಇದಕ್ಕೇನಾ?"

ವಿಮಾನ ಸಣ್ಣಗೆ ಕುಲುಕಿತು. ಅವನು ಬಾಗಿಲ ಹಿಡಿಕೆಯ ಕಡೆ ಕೈ ಚಾಚಿದ್ದನ್ನು ಕಂಡು ಅವಳು ಆ ಕೈಯನ್ನು ತಾನೇ ಹಿಡಿದುಕೊಂಡಳು.

"ನೀನು ಟ್ರಾನ್ಸ್‌ಪೋರ್ಟ್ ಲೈನು ಅಂದೆ," ಎಂದ ಅವನು ಮೆಲ್ಲಗೆ. "ಬಸ್ ಡ್ರೈವರ್ ಅನ್ನೋಕೆ ನಿನಗೆ ಬಾಯಿ ಬರ್ಲಿಲ್ಲ. ಆ ಪರಿಚಯದವರ ಮುಂದೆ ನಿನ್ನ ಪಕ್ಕ ಕೂತು ವಾಂತಿ ಬೇರೆ ಮಾಡ್ಲಾ?"

ಫೇಬಾಳ ಮುಖ ಕೆಂಪಾಯಿತು. ಹಾಗಲ್ಲ, ಬಾಯಿತಪ್ಪಿ ಬಂತು ಎಂದು ಹೇಳಬಹುದಿತ್ತು. ಅವನು ನಂಬುತ್ತಲೂ ಇದ್ದ.

"ನಾಚಿಕೆ ಆಯ್ತು," ಎಂದಳು. "ಆ ಒಂದು ಗಳಿಗೆ ನಿಜವಾಗ್ಲೂ ನಾಚಿಕೆ ಆಯ್ತು. ಸುಳ್ಳು ಹೇಳಲ್ಲ. ತಪ್ಪು ನನ್ನದು."

ಅವನು ಅವಳನ್ನೇ ನೋಡಿದ. ಅವನು ಕಾದಿದ್ದದ್ದು ಸಮಜಾಯಿಷಿಗೆ.

"ಈಗ ನನ್ನದೊಂದು," ಎಂದಳು ಫೇಬಾ. "ನೀವು ಬರ್ತಿರೋದು ವೀಸಾಗೋ, ನನಗೋಸ್ಕರಾನೋ?"

"ಹನ್ನೆರಡು ವರ್ಷ ಓಡಿಸಿದ ಬಸ್ಸು ಬಿಟ್ಟು ಬಂದಿದೀನಿ. ಆ ಸೀಟಲ್ಲಿ ಕೂತ್ರೆ ಘಾಟಿಯೆಲ್ಲ ನನ್ನದೇ ಅನ್ನಿಸ್ತಿತ್ತು. ಅಲ್ಲಿ ನಿನ್ನೂರಲ್ಲಿ ನಾನು ಯಾರು? ವೀಸಾ ತಗೊಂಡು ಏನ್ ಮಾಡ್ಲಿ?"

"ಮತ್ತೆ?"

ಅವನಿಗೆ ಮಾತು ಸುಲಭವಾಗಿ ಬರುವುದಿಲ್ಲ. ತಡವರಿಸುತ್ತಲೇ ಹೇಳಿದ.

"ಹೋದ ಚಳಿಗಾಲದಲ್ಲಿ ನಿನಗೆ ಜ್ವರ ಬಂದಿತ್ತಲ್ಲ... ಒಂದು ವಾರ ಒಬ್ಬಳೇ ಮಲಗಿದ್ದೆ. ನನಗೆ ಹೇಳಿದ್ದು ವಾಸಿಯಾದ ಮೇಲೆ. ಕೆಲಸದಲ್ಲಿ ಬಡ್ತಿ ಸಿಕ್ಕಿದ್ದೂ ಹಾಗೇ, ಮುಗಿದ ಮೇಲೆ. ನಿನ್ನದೆಲ್ಲ ಆಗಿ ಹೋದ್ಮೇಲೆ ನನಗೆ ಗೊತ್ತಾಗ್ತಿತ್ತು. ಆಗ್ತಿರೋವಾಗ ಪಕ್ಕದಲ್ಲಿರ್ಬೇಕು ಅನ್ನಿಸ್ತು. ಅದಕ್ಕೇ ಬಂದೆ. ಬೇರೇನಿಲ್ಲ."

ಫೇಬಾಳ ಎರಡು ಕೋಣೆಯ ಲೆಕ್ಕಾಚಾರವೆಲ್ಲ ಎಲ್ಲಿ ಹೋಯಿತೋ. ಶೌಚಾಲಯದ ಸಾಲಿನಲ್ಲಿದ್ದವರು ಇಬ್ಬರನ್ನೂ ನೋಡುತ್ತಿದ್ದರು. ಅವಳು ಅವನ ಕೈ ಬಿಡಲಿಲ್ಲ.

"ಬನ್ನಿ," ಎಂದಳು ಕಡೆಗೆ. "ಬಾಲದ ಕಡೆ ಕುಲುಕಾಟ ಜಾಸ್ತಿ. ರೆಕ್ಕೆ ಹತ್ತಿರ ಕಮ್ಮಿ. ನನ್ನ ಸೀಟಲ್ಲಿ ಕೂತ್ಕೊಳ್ಳಿ, ನಾನಿಲ್ಲಿ ಕೂರ್ತೀನಿ."

ಅವನು ಒಪ್ಪಲಿಲ್ಲ. ಅವಳು ಕೇಳಲಿಲ್ಲ. ಕೈ ಹಿಡಿದೇ ನಡುದಾರಿಯಲ್ಲಿ ಮುಂದೆ ನಡೆಸಿಕೊಂಡು ಹೋದಳು. ದಾರಿಯಲ್ಲಿ ಸಿಜಿ ತಲೆಯೆತ್ತಿ ಏನಾಯಿತೆಂದು ವಿಚಾರಿಸಿದಳು.

"ನನ್ನ ಗಂಡ," ಎಂದಳು ಫೇಬಾ ನಿಂತು. "ಮುನ್ನಾರ್ ರೂಟಿನ ಬಸ್ ಡ್ರೈವರ್. ಬೇರೆಯವರು ಓಡಿಸಿದ್ರೆ ಇವರಿಗೆ ಆಗಿಬರಲ್ಲ."

ಸಿಜಿ ನಕ್ಕಳು. ಅವಳ ತಂದೆಯೂ ಲಾರಿ ಓಡಿಸುತ್ತಿದ್ದವರಂತೆ. ಅದನ್ನು ಅವಳು ಆಗಲೇ, ಕೇಳದೆಯೇ ಹೇಳಿದಳು.

ಎಲ್ದೋಸ್ ನಡುವಿನ ಸೀಟಿಗೆ ತೂರಿಕೊಂಡ. ಅವನ ಉದ್ದಕ್ಕೆ ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು. ಇಂಗ್ಲೆಂಡಿಗೆಂದು ತಾಯಿ ಕೊಡಿಸಿದ ಹೊಸ ಬೂಟು, ಒಳಗೆ ಕಾಲು ಊದಿ ಕಚ್ಚಿಕೊಂಡಿತ್ತು. ಫೇಬಾ ನಡುದಾರಿಯಲ್ಲೇ ಬಗ್ಗಿ, ಭಾರಿ ಆಸಾಮಿಯ ಮಂಡಿಯಾಚೆ ಕೈ ಚಾಚಿ ಅದರ ದಾರ ಬಿಚ್ಚಿದಳು. ಅವನು ಬೇಡ ಬೇಡ ಎಂದು ಕಾಲೆಳೆದುಕೊಳ್ಳಲು ನೋಡಿದ. ಎಳೆದುಕೊಳ್ಳಲು ಅಲ್ಲಿ ಜಾಗವೆಲ್ಲಿದೆ?

ಮಾತ್ರೆ ಕೊಟ್ಟು, ಗಗನಸಖಿಯಿಂದ ನಿಂಬೆ ಹೋಳು ತಂದುಕೊಟ್ಟು, ಅವಳು ಹಿಂದಿನ ಸಾಲಿಗೆ ಹೋಗಿ ಏಲಿಯಾಮ್ಮನ ಪಕ್ಕ ಕೂತಳು. ಅದು ತನ್ನ ಗಂಡನೇ ಎಂದು ಹೇಳಿದಳು. ಏಲಿಯಾಮ್ಮ ಅವಳನ್ನು ಚೆನ್ನಾಗಿ ಬೈದರು. ಬೈದು ಮುಗಿಸಿ ಚೀಲದಿಂದ ಅಕ್ಕಿಹಿಟ್ಟಿನ ಗರಿಗರಿ ಕುಳಲಪ್ಪ ತೆಗೆದು ಕೊಟ್ಟರು. ಫೇಬಾ ಬೈಗುಳವನ್ನೂ ತಿಂಡಿಯನ್ನೂ ಸಂತೋಷವಾಗಿಯೇ ಸ್ವೀಕರಿಸಿದಳು.

ಸ್ವಲ್ಪ ಹೊತ್ತಿಗೆ ಹೆಡ್‌ಫೋನಿನ ಯುವಕ ತನ್ನ ಚೀಲ ಹಿಡಿದುಕೊಂಡು ಬಂದು ಎದುರಿಗೆ ನಿಂತ.

"ಚೇಚೀ," ಎಂದ, ಅಕ್ಕನನ್ನು ಕರೆಯುವಂತೆ. "ನೀವೇ ಅಲ್ಲಿ ಹೋಗಿ. ನಾನಿಲ್ಲಿ ಕೂರ್ತೀನಿ."

ಕಿಟಕಿ ಸೀಟಿಗೆಂದು ಹೆಚ್ಚಿಗೆ ದುಡ್ಡು ಕೊಟ್ಟಿರಬೇಕಲ್ಲ ಎಂದು ಅವಳು ಕೇಳಿದಳು.

"ಕೊಟ್ಟಿದೀನಿ. ಆದ್ರೆ ಅವರು ಆ ಕಾಗದದ ಚೀಲ ಬಿಚ್ಚೋದು, ಮುಚ್ಚೋದು, ನನ್ನ ಕಡೆ ನೋಡೋದು... ನನ್ನ ಕೈಲಾಗಲ್ಲ ಚೇಚೀ."

ಹೀಗೆ ಎಲ್ದೋಸ್ ಕಿಟಕಿಗೆ ಸರಿದ, ಫೇಬಾ ನಡುವೆ ಕೂತಳು. ದೂರದ ಒಂದೇ ಗೆರೆ ನೋಡುತ್ತಿರಿ ಎಂದು ಹೇಳಿ ಕಿಟಕಿಯ ಮುಚ್ಚಳ ಮೇಲೆತ್ತಿದಳು. ರೆಕ್ಕೆಯಾಚೆ ಮೋಡಗಳ ಅಂಚು, ಅದರ ಮೇಲೆ ಬಿಸಿಲು. ಮಾತ್ರೆ ನಿಧಾನವಾಗಿ ಕೆಲಸ ಮಾಡಿತು. ಅವನ ಮುಖಕ್ಕೆ ಬಣ್ಣ ಬಂತು. ಅವಳು ಹಿಂದಿನ ಸಾಲಿನಿಂದ ತಂದಿದ್ದ ಆರಿದ ಅನ್ನದಲ್ಲಿ ಅವನು ಅರ್ಧ ತಿಂದ, ಉಳಿದದ್ದನ್ನು ಅವಳು ತಿಂದಳು.

ಆಮೇಲೆ ಅವರು ಮಾತಾಡಿದರು. ಅವನು ಘಾಟಿಯಲ್ಲಿ ಆನೆ ಅಡ್ಡ ಬಂದ ಕಥೆ ಹೇಳಿದ. ಅವಳು ತನ್ನ ವಾರ್ಡಿನಲ್ಲಿ ತೀರಿಕೊಂಡ ಒಬ್ಬ ಮುದುಕನ ಬಗ್ಗೆ ಹೇಳಿದಳು, ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಮಾತಿನ ನಡುವೆಯೇ ಅವಳಿಗೆ ನಿದ್ದೆ ಹತ್ತಿತು. ವಿಮಾನದಲ್ಲಿ ಯಾವತ್ತೂ ನಿದ್ದೆ ಮಾಡದವಳು ಅವನ ಭುಜಕ್ಕೆ ಒರಗಿ ಮಲಗಿದಳು. ಭುಜ ಜೋಮು ಹಿಡಿದರೂ ಎಲ್ದೋಸ್ ಅಲುಗಾಡಲಿಲ್ಲ.

ಚಕ್ರ ನೆಲ ಮುಟ್ಟಿದಾಗ ಅವಳಿಗೆ ಎಚ್ಚರವಾಯಿತು. ಬೆಲ್ಟಿನ ದೀಪ ಆರುವ ಮೊದಲೇ ಎಲ್ಲರೂ ಎದ್ದು ಮೇಲಿನ ಚೀಲಗಳಿಗೆ ಕೈಹಾಕಿ ನೂಕಾಡುತ್ತಿದ್ದರು. ಹೊರಗೆ ಲಂಡನ್ನಿನ ಸಂಜೆ, ಬೂದು ಬಣ್ಣದ್ದು. ಇಬ್ಬರೂ ಏಳಲಿಲ್ಲ.

"ನಾಳೆ ನಿನಗೆ ಡ್ಯೂಟಿ ಇದೆಯಾ?" ಎಂದು ಕೇಳಿದ ಎಲ್ದೋಸ್.

"ಇಲ್ಲ. ಈ ವಾರ ಪೂರ್ತಿ ರಜೆ ಹಾಕಿದೀನಿ."

"ಯಾಕೆ? ಹೇಳಲೇ ಇಲ್ಲ?"

ಫೇಬಾ ಹೊದಿಕೆಯನ್ನು ಮಡಿಸುತ್ತಾ, ಅವನ ಕಡೆ ನೋಡದೆ ಹೇಳಿದಳು.

"ನಿಮಗೆ ನನ್ನ ಮೇಲೆ ಪ್ರೀತಿ ಹುಟ್ಟೋಕೆ ಒಂದು ವಾರವಾದ್ರೂ ಬೇಕಾಗುತ್ತೆ ಅಂದ್ಕೊಂಡಿದ್ದೆ. ನನಗೆ ಆಗ್ಲೇ ಹುಟ್ಟಿತ್ತು."

ಎಲ್ದೋಸ್ ಅವಳ ಕೈಯಿಂದ ಹೊದಿಕೆ ತೆಗೆದು ಪಕ್ಕಕ್ಕಿಟ್ಟ.

"ನನಗೂ ಆಗ್ಲೇ ಹುಟ್ಟಿತ್ತು. ಹಾಗಾದ್ರೆ ರಜೆ ದಂಡ ಆಯ್ತಲ್ಲೇ," ಎಂದ.

"ದಂಡ ಆದ್ರೆ," ಎಂದಳು ಫೇಬಾ, ಈಗ ಅವನನ್ನೇ ನೋಡುತ್ತಾ. "ಆಗಲಿ ಬಿಡಿ."